ಓದುಗರ ಸವಾಲ್: ಅಮ್ಹಾರಿಕ್ ಸುಲಭಾನೋ, ಡ್ಯಾನಿಶ್ ಸುಲಭಾನೋ?

ಪ್ರಶ್ನೆ: ಸರ್ ನಮಸ್ಕಾರ. ನಮ್ಮಣ್ಣ ಇಥಿಯೋಪಿಯಾದ ಅಡಿಸ್ ಅಬಾಬಾದಾಗ ಲೆಕ್ಚರರ್ ಅದಾನ, ಅಲ್ಲಿ ಅಮ್ಹಾರಿಕ್ ಮಾತಾಡ್ತಾರ, ಗೆಳತಿ ಒಬ್ಬಾಕಿ ಓದ್ಲಿಕ್ಕ ಡೆನ್ಮಾರ್ಕಿಗೆ ಹೋಗ್ಯಾಳ. ಇಬ್ಬರೂ ತಮ್ಮ ತಮ್ಮ ಊರಿನ ಭಾಷಾ ಕಲಿ ಅಂತಾರ. ನೆಟ್ಟಿನಾಗ ನೋಡಿದ್ರ ಡ್ಯಾನಿಶ್ ಸುಲಭ, ಅಮ್ಹಾರಿಕ್ ಭಾಳ ಕಷ್ಟ ಅಂತ ಅದ. ಖರೇನಾ?
– ಡಿಗ್ರಿ ವಿದ್ಯಾರ್ಥಿನಿ, ಹುಮನಾಬಾದ

ಉತ್ತರ: ತಂಗೀ, ನೀ ಓದಿದ್ದು ಸುಳ್ಳಲ್ಲ, ಆದ್ರ ಅದನ್ನ ನಮ್ಮ ಮಂದಿಗಂತ ಬರೆದಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯವರು ತಮ್ಮ ಅಧಿಕಾರಿಗಳಿಗೆ ಭಾಷಾ ಕಲಿಸ್ತಾರ, ಅವರ ಲೆಕ್ಕದಾಗ ಡ್ಯಾನಿಶ್ ಅಂದ್ರ ಸುಲಭದ ಗುಂಪು, ಅಮ್ಹಾರಿಕಿಗೆ ಸುಮಾರು 1100 ತಾಸಿನ ಕ್ಲಾಸು ಬೇಕು. ಅವರ ಮನಿಮಾತು ಇಂಗ್ಲಿಷು, ಡ್ಯಾನಿಶ್ ಇಂಗ್ಲಿಷಿನ ಬಳಗದ್ದೇ ಭಾಷಾ, ಹಿಂಗಾಗಿ ಅವರಿಗೆ ಹಗುರ. ನೀ ಕನ್ನಡದಿಂದ ಹೊಂಟಾಕಿ, ನಿನ್ನ ಲೆಕ್ಕಾನೇ ಬ್ಯಾರೆ.

ಮೊದ್ಲು ಲಿಪಿ ನೋಡು. ಅಮ್ಹಾರಿಕ್ ಬರಿಯೋ ಲಿಪಿಗೆ ಫಿದೆಲ್ ಅಂತಾರ, 33 ಮೂಲ ಅಕ್ಷರ, ಒಂದೊಂದಕ್ಕ ಏಳು ರೂಪ: ಬೆ, ಬು, ಬಿ, ಬಾ, ಬೇ, ಬ್, ಬೊ. ಇದು ನಾವು ಒಂದನೇತ್ತಾದಾಗ ರಾಗ ಹಾಕಿ ಹೇಳಿದ ಕಾಗುಣಿತ ಅಲ್ಲೇನು? ಬರಿಯೋದೂ ಎಡದಿಂದ ಬಲಕ್ಕ. ಇಂಗ್ಲಿಷಿನವರಿಗೆ 231 ಅಕ್ಷರ ಅಂದ್ರ ಎದಿ ಝಲ್ ಅಂತದ, ನಮಗ ಅದು ಹಳೇ ಅಭ್ಯಾಸ.

ಇನ್ನ ವಾಕ್ಯ. ಅಲ್ಲಿ ಸಣ್ಣ ಹುಡುಗರು ಓದ್ಲಿಕ್ಕ ಕಲಿಯೋವಾಗ ಹೇಳೋ ವಾಕ್ಯ ಒಂದದ: ಅಬೆಬೆ ಬೆಸೊ ಬೆಲ್ಲಾ. ಅಬೆಬೆ ಅಂದ್ರ ಹುಡುಗನ ಹೆಸರು, ಬೆಸೊ ಅಂದ್ರ ಹುರಿದ ಬಾರ್ಲಿ ಹಿಟ್ಟು, ಬೆಲ್ಲಾ ಅಂದ್ರ ನಮ್ಮ ಬೆಲ್ಲ ಅಲ್ಲ, 'ತಿಂದ'. ಅಬೆಬೆ ಹುರಿಹಿಟ್ಟು ತಿಂದ. ಒಂದು ಪದಾನೂ ಜಾಗಾ ಬಿಟ್ಟು ಸರಿದಿಲ್ಲ ನೋಡು, ಕ್ರಿಯಾಪದ ನಮ್ಮಂಗ ಕಡೀಗೇ ಕುಂತದ. ಡ್ಯಾನಿಶಿನಾಗ ಕ್ರಿಯಾಪದ ಎರಡನೇ ಜಾಗಾದಾಗೇ ಬರಬೇಕು, 'ಇವತ್ತು' ಅಂತ ಶುರು ಮಾಡಿದ್ರ 'ಇವತ್ತು ತಿಂತೀನಿ ನಾನು ರೊಟ್ಟಿ' ಅಂತ ತಿರುವಿ ಹಾಕಬೇಕು.

ಹಂಗಂತ ಅಮ್ಹಾರಿಕ್ ಪೂರಾ ಹಗುರ ಅಂತ ಹೇಳಂಗಿಲ್ಲ. ಅದು ಅರಬ್ಬಿ, ಹೀಬ್ರೂ ಬಳಗದ ಭಾಷಾ, ಸ-ಬ-ರ ಅಂತ ಮೂರು ವ್ಯಂಜನದ ಬೇರು ಇಟ್ಕೊಂಡು ಒಳಗ ಸ್ವರ ಬದಲಿಸ್ತಾ ಹೋಗ್ತದ: ಸೆಬ್ಬೆರೆ ಅಂದ್ರ ಮುರಿದ, ತೆಸೆಬ್ಬೆರೆ ಅಂದ್ರ ಮುರೀತು, ಯಿಸೆಬ್ರಾಲ್ ಅಂದ್ರ ಮುರೀತಾನ. ಕೆಲವು ಅಕ್ಷರಕ್ಕ ಗಂಟಲಾಗ ಉಸಿರು ಹಿಡಿದು ಟಪ್ ಅಂತ ಬಿಡಬೇಕು, ನಮ್ಮವರು ಅಲ್ಲಿ ಖ, ಠ ಹಾಕಿಬಿಡ್ತಾರ, ಅದು ತಪ್ಪು. ನನಗ ಭಾಳ ತ್ರಾಸು ಕೊಟ್ಟದ್ದು ಬ್ಯಾರೇದು: ಅವರ ಲಿಪಿಯಾಗ ಒತ್ತಕ್ಷರ ತೋರಸೂದಿಲ್ಲ! ಅಲೆ ಅಂದ್ರ 'ಅಂದ', ಅಲ್ಲೆ ಅಂದ್ರ 'ಅದಾನ', ಬರಿಯೋದು ಎರಡೂ ಒಂದೇ ಥರ. ನಾನು ಕಾಪಿಯಾಗ ಫಿದೆಲಿನ ಕೆಳಗ ಕನ್ನಡದಾಗ ಒತ್ತು ಹಾಕಿ ಬರ್ಕೊಂಡೆ, ಆಮ್ಯಾಲ ಗೊಂದಲ ಹೋಯ್ತು, ನೀನೂ ಹಂಗೇ ಮಾಡು.

ಡ್ಯಾನಿಶ್ ವ್ಯಾಕರಣ ಖರೇನೇ ಹಗುರ. ನಾನು, ನೀನು, ಅವರು ಯಾರಾದ್ರೂ ಕ್ರಿಯಾಪದ ಬದಲಾಗೂದಿಲ್ಲ. ತ್ರಾಸು ಇರೋದು ಕಿವಿಗೆ. ಬರೆದದ್ದೊಂದು, ಕೇಳೋದೊಂದು. ಹುನ್ ಅಂದ್ರ 'ಆಕಿ'. ಹುಂಡ್ ಅಂತ ಬರೆದ್ರ 'ನಾಯಿ', ಆದ್ರ ಕಡೀ ಡ್ ಹೇಳೂದೇ ಇಲ್ಲ, ಅದೂ ಹುನ್ನೇ, ಗಂಟಲಾಗ ಸಣ್ಣ ಬಿಕ್ಕು ಬಂದಂಗ ತಡೆದು ಹೇಳಬೇಕು ಅಷ್ಟೇ. ಆ ತಡಿಗೆ ಸ್ಟೋಡ್ ಅಂತಾರ. ಅದು ತಪ್ಪಿದ್ರ ಆಕಿ ಹೋಗಿ ನಾಯಿ ಬರ್ತದ.

ಮತ್ತ ಒಂದು ಮಾತು, ಇದು ಗೊತ್ತಾದ ದಿನ ನನಗ ಭಾಳ ಖುಷಿ ಆಗಿತ್ತು. 'ಆ ಮನಿ' ಅಂತ ಗುರುತು ಹೇಳೋ ತುಂಡನ್ನ ಎರಡೂ ಭಾಷಾದವರು ಪದದ ಬಾಲಕ್ಕೇ ಅಂಟಸ್ತಾರ. ಅಮ್ಹಾರಿಕಿನಾಗ ಬೇತ್ ಅಂದ್ರ ಮನಿ, ಬೇತು ಅಂದ್ರ ಆ ಮನಿ. ಡ್ಯಾನಿಶಿನಾಗ ಹೂಸ್ ಮನಿ, ಹೂಸೆತ್ ಆ ಮನಿ. ಇಷ್ಟು ದೂರದ ಎರಡು ಭಾಷಾ, ನಡುವ ಏನೂ ಸಂಬಂಧಿಲ್ಲ, ಆದ್ರೂ ಒಂದೇ ದಾರಿ ಹಿಡಿದಾವ. ನೀ ಮೊದ್ಲು ಅಮ್ಹಾರಿಕ್ ಹಿಡಿ ಅಂತ ನನ್ನ ಸಲಹಾ.

ಪ್ರಶ್ನೆ: ಡ್ಯಾನಿಶಿನಾಗ 50ರ ಮುಂದಿನ ಎಣಿಕಿ ವಿಚಿತ್ರ ಅಂತಾರಲ್ಲ, ಹ್ಯಾಂಗದು?
– ಶಾಲಾ ಶಿಕ್ಷಕರು, ಶಹಾಪುರ

ಉತ್ತರ: ಗುರುಗಳೇ, ಅದು ಇಪ್ಪತ್ತರ ಲೆಕ್ಕ. 60ಕ್ಕ ತ್ರೆಸ್, ಅಂದ್ರ ಮೂರು ಇಪ್ಪತ್ತು. 50ಕ್ಕ ಹಾಲ್ತ್ರೆಸ್, ಅಂದ್ರ ಎರಡೂವರೆ ಇಪ್ಪತ್ತು. 70 ಅಂದ್ರ ಮೂರೂವರೆ ಇಪ್ಪತ್ತು, 90 ಅಂದ್ರ ನಾಕೂವರೆ ಇಪ್ಪತ್ತು. ಬಜಾರದಾಗ ಢಾಯಿ, ಸಾಡೇತೀನ್ ಅಂತ ಕೇಳಿ ಬೆಳೆದ ನಮ್ಮ ಹುಡುಗರಿಗೆ ಇದು ಬ್ಯಾಗನೇ ತಲಿಗೆ ಹೋಗ್ತದ. 72ಕ್ಕ ಮೊದ್ಲು ಎರಡು ಹೇಳಿ ಆಮ್ಯಾಲ ಎಪ್ಪತ್ತು ಹೇಳ್ತಾರ, ಉರ್ದುವಿನ ಬಹತ್ತರ್ ಇದ್ದಂಗ.

ಪ್ರಶ್ನೆ: ನಮ್ಮ ಬೀದರಿನ ಹಬಶಿ ಕೋಟಕ್ಕೂ ಇಥಿಯೋಪಿಯಾಕ್ಕೂ ಸಂಬಂಧ ಅದಾ?
– ಓದುಗರು, ಬೀದರ

ಉತ್ತರ: ಅದ ರೀ. ಅಬಿಸೀನಿಯಾ ಅಂದ್ರ ಇಥಿಯೋಪಿಯಾದ ಹಳೇ ಹೆಸರು, ಅಲ್ಲಿಂದ ಬಂದವರಿಗೆ ಹಬಶಿ ಅಂದ್ರು, ಬಹಮನಿ ದರಬಾರದಾಗ ಅವರದು ದೊಡ್ಡ ಗುಂಪಿತ್ತು. ಇವತ್ತೂ ಇಥಿಯೋಪಿಯಾದ ಭಾಳ ಮಂದಿ ತಮ್ಮನ್ನ ತಾವು ಹಬೆಶಾ ಅಂತಾರ. ಹಂಗಂತ ಬೀದರಿನ ಹಬಶಿಗಳೆಲ್ಲಾ ಅಮ್ಹಾರಿಕ್ ಮಾತಾಡ್ತಿದ್ರು ಅಂತ ತಿಳ್ಕೊಬ್ಯಾಡ್ರಿ, ಆ ದೇಶದಾಗ 80ಕ್ಕಿಂತ ಹೆಚ್ಚು ಭಾಷಾ ಅವ. ಡೇನರೂ ನಮ್ಮ ದೇಶಕ್ಕ ಬಂದಾರ, ತಮಿಳುನಾಡಿನ ತರಂಗಂಬಾಡಿ 1620ರಿಂದ 1845ರ ತನಕ ಅವರ ಕೈಯಾಗಿತ್ತು.

ಪ್ರಶ್ನೆ: ಇಥಿಯೋಪಿಯಾದಾಗಿರೋ ನನ್ನ ಮಗ 'ಮುಂಜಾನೆ ಎರಡಕ್ಕ ಕಾಲೇಜಿಗೆ ಹೋಗ್ತೀನಿ' ಅಂತಾನ. ಗಾಬರಿ ಆಗ್ಯದ.
– ತಾಯಿಯೊಬ್ಬರು, ಸೇಡಂ

ಉತ್ತರ: ಗಾಬರಿ ಬಿಡ್ರಿ ಅವ್ವಾ. ಅವರ ಗಡಿಯಾರ ಹೊತ್ತು ಹುಟ್ಟಿದಾಗಿಂದ ಶುರು, ನಮ್ಮ ಮುಂಜಾನಿ ಏಳಕ್ಕ ಅವರು ಒಂದು ಅಂತಾರ. ಅವರ ಎರಡು ಅಂದ್ರ ಅಲ್ಲಿ ಎಂಟು ಗಂಟಿ, ಆವಾಗ ನಮ್ಮ ಸೇಡಂನಾಗ ಹತ್ತೂವರೆ. ಫೋನ್ ಹಚ್ಚಬೇಕಂದ್ರ ಅದಕ್ಕೂ ಮೊದ್ಲ ಹಚ್ರಿ, ಆಮ್ಯಾಲ ಕ್ಲಾಸಿನಾಗ ಇರ್ತಾನ.