ಸಾಲ ಕೊಡಿಸುವವರು ಆಸ್ತಿ ಕೊಳ್ಳುವ ಕಡೆಗೆ ಬರಬಹುದೇ?

ಮೂರು ವರ್ಷಗಳಿಂದ ನೀವು ವಾಣಿಜ್ಯ ಕಟ್ಟಡಗಳ ಮಾಲೀಕರಿಗೆ ಬ್ಯಾಂಕು, ವಿಮಾ ಕಂಪನಿಗಳಿಂದ ಸಾಲ ಕೊಡಿಸುವ ಬ್ರೋಕರೇಜ್‌ನಲ್ಲಿದ್ದೀರಿ. ರಿಯಲ್ ಎಸ್ಟೇಟ್ ಪ್ರೈವೇಟ್ ಈಕ್ವಿಟಿ, ಅಂದರೆ ಹೂಡಿಕೆದಾರರ ಹಣದಿಂದ ಆಸ್ತಿ ಕೊಂಡು ಮಾರುವ ಫಂಡುಗಳನ್ನು, ಸೇರುವ ಆಸೆಯಿದೆ, ಆದರೆ ಅರ್ಜಿ ಹಾಕಿದ ಕಡೆಯೆಲ್ಲ ಮೌನ. ಎಂಬಿಎ ಮಾಡಲೇ, ಮೊದಲು ಡೆಟ್ ಫಂಡ್ (ಹೂಡಿಕೆದಾರರ ಹಣವನ್ನು ಸಾಲವಾಗಿ ಕೊಡುವ ಫಂಡ್) ಸೇರಲೇ ಎಂದು ಕೇಳಿದ್ದೀರಿ.

ಎಂಬಿಎ ಸದ್ಯಕ್ಕೆ ಬೇಡ. ಮೂರು ವರ್ಷ ಕೈಯಾರೆ ಡೀಲ್ ಮಾಡಿದವರಿಗೆ ಅದಕ್ಕಿಂತ ಹತ್ತಿರದ ದಾರಿಗಳಿವೆ. ನಿಮ್ಮ ರೆಸ್ಯೂಮೆ ಓದಿದವರಿಗೆ ಬರುವ ಅನುಮಾನ ಬೇರೆಯೇ: ಈ ಕಟ್ಟಡವನ್ನು ಈ ಬೆಲೆಗೆ ಕೊಳ್ಳಬಹುದೇ ಎಂದು ಇವರು ಎಂದಾದರೂ ಸ್ವತಃ ತೀರ್ಮಾನಿಸಿದ್ದಾರೆಯೇ?

ಒಂದು ಕಟ್ಟಡದ ಬೆಲೆ 100, ಖರ್ಚು ಕಳೆದು ಉಳಿಯುವ ವಾರ್ಷಿಕ ಆದಾಯ 6 ಎಂದಿಟ್ಟುಕೊಳ್ಳಿ. ಕ್ಯಾಪ್ ರೇಟ್, ಅಂದರೆ ಬೆಲೆಗೆ ಈ ಆದಾಯದ ಪ್ರಮಾಣ, ಶೇ 6. ಸಾಲ 65, ಬಂಡವಾಳ 35. ಅಸಲು ಕಟ್ಟದೆ ಬರೀ ಬಡ್ಡಿ ಕಟ್ಟುವ ಸಾಲ. ಬಡ್ಡಿ ಶೇ 5 ಇದ್ದರೆ 3.25 ಬಡ್ಡಿಗೆ ಹೋಗಿ 2.75 ಉಳಿಯುತ್ತದೆ, ಬಂಡವಾಳದ ಮೇಲೆ ಸುಮಾರು ಶೇ 7.9. ಬಡ್ಡಿ ಶೇ 7 ಆದರೆ ಉಳಿಯುವುದು 1.45, ಅಂದರೆ ಶೇ 4.1 ಮಾತ್ರ. ಸಾಲವೇ ಇಲ್ಲದೆ ಕೊಂಡಿದ್ದರೂ ಶೇ 6 ಸಿಗುತ್ತಿತ್ತು! ಆದರೂ ಡಿಎಸ್‌ಸಿಆರ್ (ಆದಾಯ ಸಾಲದ ವಾರ್ಷಿಕ ಕಂತಿನ ಎಷ್ಟು ಪಟ್ಟು ಎಂಬ ಲೆಕ್ಕ) 1.32 ಇದೆ, 1.25 ಕೇಳುವ ಬ್ಯಾಂಕು ಸಾಲ ಮಂಜೂರು ಮಾಡುತ್ತದೆ, ನಿಮ್ಮ ಕಮಿಷನ್ ಬರುತ್ತದೆ. ಇನ್ನು ಮಾರುವ ಹೊತ್ತಿಗೆ ಆದಾಯ ಅಷ್ಟೇ ಇದ್ದು ಕ್ಯಾಪ್ ರೇಟ್ ಶೇ 7 ಆಗಿದ್ದರೆ ಬೆಲೆ 85.7. ಬ್ಯಾಂಕಿನ 65 ಭದ್ರವಾಗಿಯೇ ಇದೆ. 35 ಹಾಕಿದವರ ಕೈಗೆ ಬರುವುದು 20.7. ಬ್ಯಾಂಕಿನ ಲೆಕ್ಕವಲ್ಲ, ಬಂಡವಾಳ ಹಾಕಿದವರ ಈ ಲೆಕ್ಕ ನಿಮಗೆ ರೂಢಿಯಾಗಬೇಕು.

ಅದಕ್ಕೆ ಮಾರಾಟಕ್ಕೆ ಬಂದಿರುವ ಯಾವುದಾದರೂ ಆಸ್ತಿಯನ್ನು ಎತ್ತಿಕೊಂಡು ಎರಡು ಪುಟದ ಖರೀದಿ ಟಿಪ್ಪಣಿ ಬರೆಯಿರಿ. ಯಾವ ಬಾಡಿಗೆ ಕರಾರು ಯಾವಾಗ ಮುಗಿಯುತ್ತದೆ, ಆ ಬಾಡಿಗೆದಾರ ಹೋದರೆ ಜಾಗ ಎಷ್ಟು ತಿಂಗಳು ಖಾಲಿ ಬೀಳಬಹುದು, ದುರಸ್ತಿಗೆ ಎಷ್ಟು ಬೇಕು, ಐದು ವರ್ಷದ ನಂತರ ಇದನ್ನು ಯಾರು ಕೊಳ್ಳುತ್ತಾರೆ? ಕೊನೆಗೆ ಒಂದು ಬೆಲೆ ಹೇಳಿ. ಬೇಡವೆನಿಸಿದರೆ ಬೇಡವೆಂದೇ ಬರೆಯಿರಿ; ಬೇಡವೆನ್ನಲು ಗೊತ್ತಿರುವ ಅಭ್ಯರ್ಥಿಗೆ ಹೆಚ್ಚು ಬೆಲೆ ಎಂಬುದು ನನ್ನ ನಂಬಿಕೆ. ನಿಮ್ಮ ಗ್ರಾಹಕರ ಗೋಪ್ಯ ಅಂಕಿಗಳನ್ನು ಮಾತ್ರ ಎಲ್ಲಿಯೂ ಬಳಸಬೇಡಿ. ಸಂದರ್ಶನದಲ್ಲಿ ಖಾಲಿ ಎಕ್ಸೆಲ್ ಕೊಟ್ಟು ಕೆಲವೇ ಗಂಟೆಗಳಲ್ಲಿ ಪೂರ್ತಿ ಮಾಡೆಲ್ ಕಟ್ಟಿಸುವುದುಂಟು. ಕಂಪನಿಯ ಸಿದ್ಧ ಟೆಂಪ್ಲೇಟ್ ಇಲ್ಲದೆ, ವಾಟರ್‌ಫಾಲ್ (ಲಾಭ ಯಾರಿಗೆ, ಯಾವ ಕ್ರಮದಲ್ಲಿ ಹಂಚಿಕೆಯಾಗುತ್ತದೆ ಎಂಬ ಲೆಕ್ಕ) ಸಮೇತ, ಕಟ್ಟಿ ಅಭ್ಯಾಸ ಮಾಡಿ.

ಡೆಟ್ ಫಂಡ್ ಕೆಟ್ಟ ಮೆಟ್ಟಿಲಲ್ಲ, ಆದರೆ ಅಲ್ಲಿಯೂ ನೀವು ಸಾಲದ ಕಡೆಯೇ ಇರುತ್ತೀರಿ. ಈಕ್ವಿಟಿ ಫಂಡಿನಲ್ಲಿ ಸಾಲ ಹೊಂದಿಸುವ ಕ್ಯಾಪಿಟಲ್ ಮಾರ್ಕೆಟ್ಸ್ ತಂಡ ನಿಮ್ಮನ್ನು ಬೇಗ ತೆಗೆದುಕೊಳ್ಳಬಹುದು. ಅಲ್ಲಿಂದ ಖರೀದಿ ತಂಡಕ್ಕೆ ದಾಟಿದವರು ಇದ್ದಾರೆಯೇ ಎಂದು ಸೇರುವ ಮೊದಲೇ ವಿಚಾರಿಸಿ. ನನ್ನ ಆಯ್ಕೆ ಕೇಳಿದರೆ, ನೀವು ಸಾಲ ಕೊಡಿಸಿದಂಥ ಸಣ್ಣ ಸ್ಪಾನ್ಸರ್ ಸಂಸ್ಥೆಗಳು, ಅಂದರೆ ಆಸ್ತಿ ಹುಡುಕಿ, ಹೂಡಿಕೆದಾರರ ಹಣ ಸೇರಿಸಿ ಕೊಂಡು ನಡೆಸುವವರು. ನಾಲ್ಕೈದು ಜನರಿರುವ ಕಡೆ ಖರೀದಿ, ಸಾಲ, ಅಸೆಟ್ ಮ್ಯಾನೇಜ್‌ಮೆಂಟ್ (ಕೊಂಡ ಆಸ್ತಿಯ ನಿರ್ವಹಣೆ) ಎಲ್ಲವೂ ನಿಮ್ಮ ಮೇಜಿಗೇ ಬರುತ್ತವೆ, ಮತ್ತು ನಿಮ್ಮ ಕೆಲಸ ಅವರು ಆಗಲೇ ನೋಡಿದ್ದಾರೆ. ಈಗಿನ ನೌಕರಿಯ ಒಪ್ಪಂದದಲ್ಲಿ ಗ್ರಾಹಕರ ಬಳಿ ಸೇರುವುದಕ್ಕೆ ತಡೆ ಇದೆಯೇ ಎಂದು ಮೊದಲು ಓದಿಕೊಳ್ಳಿ.

ಹಣದ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಒಳ್ಳೆಯ ವರ್ಷದಲ್ಲಿ ಬರುವ ಕಮಿಷನ್‌ಗೆ ಹೋಲಿಸಿದರೆ ಆರಂಭದಲ್ಲಿ ಆದಾಯ ಇಳಿಯಬಹುದು. ಅದಕ್ಕೆ ಪ್ರತಿಯಾಗಿ ಕೆಲಸ ಕೊಡುವ ಸಂಸ್ಥೆಯವರು ಲಾಭದ ಪಾಲಿನ ಮಾತನ್ನು ಎದುರಿಡುತ್ತಾರೆ. ಸಾಮಾನ್ಯವಾಗಿ ಹೂಡಿಕೆದಾರರಿಗೆ ವರ್ಷಕ್ಕೆ ಶೇ 8ರ ಆಸುಪಾಸಿನ ಆದ್ಯತೆಯ ಪ್ರತಿಫಲ (ಬೇರೆಯವರಿಗಿಂತ ಮೊದಲು ಅವರಿಗೇ ಸಲ್ಲಬೇಕಾದ ಲಾಭ) ಸಂದ ಮೇಲೆಯೇ ಆ ಪಾಲು ಹುಟ್ಟುತ್ತದೆ, ಅದೂ ಆಸ್ತಿಗಳು ಮಾರಾಟವಾದಾಗ. ಮನೆಯ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಿರಿ. ಸಂಬಳದ ಮಾತು ಬಂದಾಗ ಅವರ ಹಿಂದಿನ ಫಂಡ್ ಹೂಡಿಕೆದಾರರಿಗೆ ಎಷ್ಟು ನಗದು ಹಿಂದಿರುಗಿಸಿದೆ, ನಿಮ್ಮ ಹುದ್ದೆಯಲ್ಲಿದ್ದವರಿಗೆ ಅದರಲ್ಲಿ ಪಾಲು ಸಿಕ್ಕಿತೇ ಎಂದು ನೇರವಾಗಿ ಕೇಳಿ.