ಸ್ಲೈಡ್ ಪಾಠಕ್ಕೆ ಕ್ಯಾಪ್ಷನ್, ಆಲ್ಟ್ ಟೆಕ್ಸ್ಟ್: ಮೊದಲು ಮಾತು ಬರೆದಿಟ್ಟುಕೊಳ್ಳಿ

ನೀವು ಕೇಳಿದ್ದು ಇಷ್ಟು. ಥಾಣೆಯಲ್ಲಿ ನಿಮ್ಮ ಕನ್ನಡ ಸಂಘದ ಭಾನುವಾರದ ತರಗತಿಗೆ ಪವರ್‌ಪಾಯಿಂಟ್‌ನಲ್ಲಿ ದನಿ ಸೇರಿಸಿದ ಪಾಠ ಮಾಡುತ್ತೀರಿ. ಈ ಸಲದ ಪಾಠ ಮುಂಬಯಿಯ ಉಡುಪಿ ಹೋಟೆಲುಗಳ ಬಗ್ಗೆ. ತರಗತಿಯ ಒಬ್ಬ ಹುಡುಗಿಗೆ ಕಿವಿ ಕೇಳಿಸುವುದಿಲ್ಲ. ಒಬ್ಬ ಹಿರಿಯರಿಗೆ ಕಣ್ಣು ಕಾಣುವುದಿಲ್ಲ, ಅವರು ಮೊಬೈಲಿನಲ್ಲಿ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಕ್ಯಾಪ್ಷನ್, ಅಂದರೆ ಆಡುವ ಮಾತಿನ ಬರಹ, ಪರದೆಯ ಮೇಲೆ ತಾನಾಗಿಯೇ ಬರುತ್ತಾ? ಆಲ್ಟ್ ಟೆಕ್ಸ್ಟ್‌ನಲ್ಲಿ (ಚಿತ್ರದ ಬದಲಿಗೆ ಸ್ಕ್ರೀನ್ ರೀಡರ್ ಓದುವ ಮಾತು) ಏನು ಬರೆಯಬೇಕು? ‘ಇಬ್ಬರಿಗೋಸ್ಕರ ಇಷ್ಟೆಲ್ಲ ಬೇಕಾ’ ಅನ್ನುವ ಕಮಿಟಿಯವರಿಗೆ ಏನು ಹೇಳಬೇಕು?

ನಾನು ಮುಂಬಯಿಯಲ್ಲೇ ಟ್ರೇನಿಂಗ್ ವಿಡಿಯೋ ಮಾಡುವ ಕೆಲಸದಲ್ಲಿದ್ದೇನೆ. ನಾನು ಮೊದಲು ಹೇಳುವುದು ಒಂದೇ: ಮೈಕ್ ಆನ್ ಮಾಡುವ ಮುಂಚೆ ಆಡುವ ಮಾತನ್ನೆಲ್ಲ ಬರೆದಿಟ್ಟುಕೊಳ್ಳಿ. ಪ್ರತಿ ಸ್ಲೈಡಿನ ಕೆಳಗೆ ನೋಟ್ಸ್ ಅಂತ ಜಾಗ ಇದೆಯಲ್ಲ, ಅಲ್ಲೇ ಬರೆಯಿರಿ. ಆಮೇಲೆ ಅದನ್ನು ಓದುತ್ತಾ ರೆಕಾರ್ಡ್ ಮಾಡಿ. ಕ್ಯಾಪ್ಷನ್ ಅದೇ ಬರಹದಿಂದ ಬರುತ್ತದೆ. ಓದಲು ಕೊಡುವ ಪಠ್ಯವೂ ಅದೇ. ಚಿತ್ರಗಳ ವಿವರ ಸರಿಯಾಗಿ ಸಿಕ್ಕಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಸುಮ್ನೆ ಬಾಯಿಗೆ ಬಂದಂತೆ ಮಾತಾಡಿ, ಆಮೇಲೆ ಕೇಳಿ ಕೇಳಿ ಟೈಪ್ ಮಾಡುವವರೇ ಜಾಸ್ತಿ. ಕ್ಯಾಪ್ಷನ್ ಅಂದರೆ ದೊಡ್ಡ ಕೆಲಸ ಅಂತ ಎಲ್ಲರೂ ಹೆದರುವುದು ಅದರಿಂದಲೇ.

ಬರೆಯುವಾಗ ಒಂದು ವಿಷಯ ನೆನಪಿರಲಿ. ನಾವು ಸ್ಲೈಡ್ ತೋರಿಸುತ್ತಾ ಮಾತಾಡುವಾಗ ಅರ್ಧ ಕೆಲಸ ಬೆರಳೇ ಮಾಡಿಬಿಡುತ್ತದೆ. ಮಾಟುಂಗಾದ ರಾಮಾ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನ ಫೋಟೋ ನಿಮ್ಮ ಪಾಠದಲ್ಲಿದೆ ಅಂದುಕೊಳ್ಳಿ. ಸಾಮಾನ್ಯವಾಗಿ ನಾವು ಹೇಳುವುದು ಹೀಗೆ: “ಇಲ್ಲಿ ನೋಡಿ, ಇವತ್ತಿಗೂ ಹೀಗೇ ಬಡಿಸುತ್ತಾರೆ. 1942ರಲ್ಲಿ ಶುರುವಾದದ್ದು.” ಕಣ್ಣು ಕಾಣದ ಹಿರಿಯರಿಗೆ ಇದರಲ್ಲಿ ಸಿಕ್ಕಿದ್ದು ಇಸವಿ ಮಾತ್ರ. ಯಾವ ಹೋಟೆಲು, ಹೀಗೇ ಅಂದರೆ ಹೇಗೆ, ಒಂದೂ ಗೊತ್ತಾಗಲಿಲ್ಲ. ಅದನ್ನೇ ಹೀಗೆ ಹೇಳಿ ನೋಡಿ: “ಇದು ಮಾಟುಂಗಾ ಸ್ಟೇಷನ್ ಹತ್ತಿರದ ರಾಮಾ ನಾಯಕ್ ಅವರ ಬೋರ್ಡಿಂಗ್. 1942ರಲ್ಲಿ ಶುರುವಾದದ್ದು. ಇವತ್ತಿಗೂ ಇಲ್ಲಿ ಬಾಳೆ ಎಲೆ ಹಾಕಿ ಊಟ ಬಡಿಸುತ್ತಾರೆ.” ಒಂದು ವಾಕ್ಯ ಜಾಸ್ತಿಯಾಯಿತು, ಅಷ್ಟೇ. ಕಣ್ಣಿರುವವರಿಗೂ ಇದೇ ಚೆನ್ನ. ‘ಈ ಕೆಂಪು ಗೆರೆ’, ‘ಎಡಗಡೆಯದು’, ‘ಮೇಲೆ ಹೇಳಿದ ಹಾಗೆ’ ಇಂಥ ಮಾತು ಬಂದ ಕಡೆಯೆಲ್ಲ ನಿಂತು, ಅದರ ಹೆಸರು ಹೇಳಿ ಮುಂದೆ ಹೋಗಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಜಾಸ್ತಿ ಜನಕ್ಕೆ ಇದು ಗೊತ್ತಿರುವುದಿಲ್ಲ. ನೀವು ಸ್ಲೈಡುಗಳನ್ನು ವಿಡಿಯೋ ಮಾಡಿ ಎಕ್ಸ್‌ಪೋರ್ಟ್ ಮಾಡಿದ ಕೂಡಲೇ ನೀವು ಹಾಕಿದ ಆಲ್ಟ್ ಟೆಕ್ಸ್ಟ್ ಎಲ್ಲ ಹೋಗುತ್ತದೆ. ಅದು ಇರುವುದು ಪವರ್‌ಪಾಯಿಂಟ್ ಫೈಲಿನ ಒಳಗೆ ಮಾತ್ರ. ವಿಡಿಯೋದಲ್ಲಿ ಚಿತ್ರ ಅಂದರೆ ಬರೀ ಬಣ್ಣದ ಚುಕ್ಕಿಗಳು, ಸ್ಕ್ರೀನ್ ರೀಡರ್‌ಗೆ ಓದಲು ಏನೂ ಇರುವುದಿಲ್ಲ. ಹಾಗಾಗಿ ವಿಡಿಯೋಗೆ ನಿಮ್ಮ ಮಾತೇ ಆಲ್ಟ್ ಟೆಕ್ಸ್ಟ್.

ಈಗ ಕ್ಯಾಪ್ಷನ್ ವಿಚಾರ. ತಾನಾಗಿ ಬರುವ ಕ್ಯಾಪ್ಷನ್‌ನ್ನು ನಂಬಿ ಪಾಠ ಕೊಡಬೇಡಿ. ಪವರ್‌ಪಾಯಿಂಟ್‌ನಲ್ಲಿ ಮಾತಾಡುತ್ತಿದ್ದಂತೆ ಸಬ್‌ಟೈಟಲ್ ತೋರಿಸುವ ಸೌಲಭ್ಯ ಇದೆ. ಅದು ಎದುರು ನಿಂತು ಮಾತಾಡುವಾಗ ಬಳಸುವುದಕ್ಕೆ. ರೆಕಾರ್ಡ್ ಮಾಡಿದ ಪಾಠದಲ್ಲಿ ಅದು ಉಳಿಯುವುದಿಲ್ಲ. ಅಲ್ಲದೆ ಮುಂಬಯಿ ಕಡೆಯ ನಮ್ಮ ಕನ್ನಡ ನಿಮಗೇ ಗೊತ್ತು. ಒಂದು ವಾಕ್ಯದಲ್ಲಿ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ, ದಕ್ಷಿಣ ಕನ್ನಡದವರಾದರೆ ನಡುವೆ ತುಳು. ಗೋಳಿಬಜೆ, ಪತ್ರೊಡೆ ಅಂದಾಗ ಯಂತ್ರ ಏನು ಕೇಳಿಸಿಕೊಂಡೀತು ಅಂತ ಹೇಳಲಿಕ್ಕಾಗದು. ಕೇಳಿಸುವವರು ತಪ್ಪು ಕ್ಯಾಪ್ಷನ್ ನೋಡಿ ನಗಬಹುದು. ಆ ಹುಡುಗಿಗೆ ಅದು ತಪ್ಪು ಅಂತ ಗೊತ್ತಾಗುವ ದಾರಿಯೇ ಇಲ್ಲ.

ನೋಟ್ಸ್‌ನಲ್ಲಿ ಬರೆದದ್ದು ಕೈಯಲ್ಲಿದ್ದರೆ ಉಳಿದದ್ದು ಸುಲಭ. ವಿಡಿಯೋ ಎಕ್ಸ್‌ಪೋರ್ಟ್ ಮಾಡಿ, ಯೂಟ್ಯೂಬಿಗೆ ‘ಅನ್‌ಲಿಸ್ಟೆಡ್’ (ಲಿಂಕ್ ಇದ್ದವರು ಮಾತ್ರ ನೋಡುವಂಥದ್ದು) ಅಂತ ಹಾಕಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಸಬ್‌ಟೈಟಲ್ ಅನ್ನುವ ಕಡೆ ಹೋಗಿ ಕನ್ನಡ ಆರಿಸಿ. ವಿಡಿಯೋ ಓಡಿಸುತ್ತಾ ಸಾಲು ಸಾಲಾಗಿ ಪೇಸ್ಟ್ ಮಾಡುತ್ತಾ ಹೋಗಬಹುದು. ಕಂಪ್ಯೂಟರಿನಲ್ಲೇ ಮಾಡುವುದಾದರೆ ಸಬ್‌ಟೈಟಲ್ ಎಡಿಟ್ ಅನ್ನುವ ತಂತ್ರಾಂಶ ಉಚಿತ. ಅದರಲ್ಲಿ ಎಸ್‌ಆರ್‌ಟಿ, ವಿಟಿಟಿ ಎರಡೂ ಬಗೆಯ ಫೈಲ್ ಮಾಡಬಹುದು. ಎರಡೂ ಬರೀ ಟೆಕ್ಸ್ಟ್ ಫೈಲುಗಳೇ: ಮಾತು ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಅದರ ಕೆಳಗೆ ಮಾತು. ವಿಟಿಟಿಯಲ್ಲಿ ಹೊತ್ತನ್ನು 00:00:12.500 ಅಂತ ಚುಕ್ಕಿ ಹಾಕಿ ಬರೆಯುತ್ತಾರೆ, ಎಸ್‌ಆರ್‌ಟಿಯಲ್ಲಿ 00:00:12,500 ಅಂತ ಅಲ್ಪವಿರಾಮ ಹಾಕಿ. ಸ್ಲೈಡುಗಳನ್ನು ವಿಡಿಯೋ ಮಾಡದೆ ಹಾಗೇ ಕೊಡುವುದಾದರೆ ಹೊಸ ಪವರ್‌ಪಾಯಿಂಟ್ ವಿಟಿಟಿ ಫೈಲನ್ನು ಸ್ಲೈಡಿನ ಆಡಿಯೋಗೆ ಸೇರಿಸಿಕೊಳ್ಳುತ್ತದೆ. ಆಡಿಯೋ ಗುರುತನ್ನು ಒತ್ತಿದರೆ ಮೇಲೆ ಪ್ಲೇಬ್ಯಾಕ್‌ನಲ್ಲಿ ‘ಇನ್ಸರ್ಟ್ ಕ್ಯಾಪ್ಷನ್ಸ್’ ಸಿಗುತ್ತದೆ. ಫೈಲ್ ಉಳಿಸುವಾಗ ಯುಟಿಎಫ್-8 ಅಂತ ಆರಿಸಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ.

ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ. ಸಾಲು ಮುರಿಯುವಾಗ ಅರ್ಥ ನೋಡಿ ಮುರಿಯಿರಿ. ‘ಬಾಳೆ’ ಮೇಲಿನ ಸಾಲಲ್ಲಿ, ‘ಎಲೆ’ ಕೆಳಗಿನ ಸಾಲಲ್ಲಿ ಬಂದರೆ ಓದುವವರಿಗೆ ತೊಡಕು. ಮಾತಲ್ಲದ ಸದ್ದನ್ನೂ ಬರೆಯಿರಿ: [ತಟ್ಟೆ ಲೋಟಗಳ ಸದ್ದು], [ಹಿನ್ನೆಲೆಯಲ್ಲಿ ಚೆಂಡೆ]. ಇಬ್ಬರು ಮಾತಾಡಿದರೆ ಯಾರ ಮಾತು ಅಂತ ಹೆಸರು ಹಾಕಿ. ಸ್ಲೈಡ್ ಮಾಡುವಾಗಲೇ ಕೆಳಗಿನ ಪಟ್ಟಿಯನ್ನು ಖಾಲಿ ಬಿಡಿ. ಅಲ್ಲಿ ಸಂಘದ ಲೋಗೋ, ಫೋನ್ ನಂಬರು ತುಂಬಿಸಿದರೆ ಕ್ಯಾಪ್ಷನ್ ಬಂದು ಅದರ ಮೇಲೆ ಕೂರುತ್ತದೆ, ಎರಡೂ ಓದಲಾಗುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಕೆಳಕ್ಕೆ ಇಳಿಯುವುದರಿಂದ ಸ್ವಲ್ಪ ಜಾಸ್ತಿ ಜಾಗವೇ ಬೇಕು.

ವಾಟ್ಸಾಪ್ ಗ್ರೂಪಿಗೆ ವಿಡಿಯೋ ಹಾಕುತ್ತೀರಲ್ವಾ? ಪ್ರತ್ಯೇಕ ಕ್ಯಾಪ್ಷನ್ ಫೈಲ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿಗೆ ಕ್ಯಾಪ್ಷನ್ ವಿಡಿಯೋದ ಮೇಲೆಯೇ ಅಚ್ಚಾದ ಪ್ರತಿ ಬೇಕು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ತಂತ್ರಾಂಶ ಅದನ್ನು ಮಾಡುತ್ತದೆ. ಒತ್ತಕ್ಷರಗಳು ಸರಿಯಾಗಿ ಕೂತಿವೆಯಾ ಅಂತ ಮೊದಲು ಒಂದು ನಿಮಿಷದ ತುಣುಕಿನಲ್ಲಿ ನೋಡಿಕೊಳ್ಳಿ. ಹಾಗಂತ ಅಚ್ಚಾದ ಪ್ರತಿಯೊಂದನ್ನೇ ಇಟ್ಟುಕೊಳ್ಳಬೇಡಿ. ಅದರ ಅಕ್ಷರ ದೊಡ್ಡದು ಮಾಡಲಾಗುವುದಿಲ್ಲ, ಆಫ್ ಮಾಡಲಾಗುವುದಿಲ್ಲ.

ಇನ್ನೊಂದು ವಿಷಯ ಊರಲ್ಲಿ ಅಷ್ಟಾಗಿ ಬರುವುದಿಲ್ಲ, ಮುಂಬಯಿಯಲ್ಲಿ ಬರುತ್ತದೆ. ಆ ಹುಡುಗಿಗೆ ಕನ್ನಡ ಲಿಪಿ ಓದಲು ಬರುತ್ತಾ? ಇಲ್ಲಿ ಹುಟ್ಟಿ ಮರಾಠಿ ಇಲ್ಲವೇ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಕೇಳಿ ಕಲಿಯುತ್ತಾರೆ, ಓದಲು ಬರುವುದಿಲ್ಲ. ಕಿವಿ ಕೇಳಿಸದ ಮಗುವಿಗೆ ಆ ಕೇಳಿ ಕಲಿಯುವ ದಾರಿಯೂ ಇರಲಿಲ್ಲ. ನೀವು ಕಷ್ಟಪಟ್ಟು ಹಾಕಿದ ಕನ್ನಡ ಕ್ಯಾಪ್ಷನ್ ಅವಳಿಗೆ ಬರೀ ಗೆರೆಗಳಾಗಿ ಕಾಣಬಹುದು. ಅವಳನ್ನೇ ಕೇಳಿ. ಮರಾಠಿ ಬೇಕು ಅಂದರೆ ಮರಾಠಿಯಲ್ಲಿ ಇನ್ನೊಂದು ಕ್ಯಾಪ್ಷನ್ ಫೈಲ್ ಹಾಕಿ. ಯೂಟ್ಯೂಬಿನಲ್ಲಿ ಒಂದೇ ವಿಡಿಯೋಗೆ ಹಲವು ಭಾಷೆಯ ಕ್ಯಾಪ್ಷನ್ ಇಡಬಹುದು. ಕನ್ನಡ ಓದುವುದನ್ನು ಕಲಿಯಬೇಕು ಅನ್ನುವ ಆಸೆ ಅವಳಿಗಿದ್ದರೆ ಎರಡೂ ಇರಲಿ. ಸಂಜ್ಞೆಭಾಷೆಯೇ ಅವಳಿಗೆ ಹತ್ತಿರದ್ದಾದರೆ ಅದನ್ನೂ ಕೇಳಿ ತಿಳಿದುಕೊಳ್ಳಿ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ವಾಕ್ ಮತ್ತು ಶ್ರವಣ ದೋಷಗಳಿಗೆಂದೇ ಇರುವ ರಾಷ್ಟ್ರೀಯ ಸಂಸ್ಥೆ. ಈ ವಿಷಯದಲ್ಲಿ ವಿಚಾರಿಸಲು ಅದು ಒಳ್ಳೆಯ ಜಾಗ.

ಇನ್ನು ಆಲ್ಟ್ ಟೆಕ್ಸ್ಟ್ ವಿಚಾರ. ಪವರ್‌ಪಾಯಿಂಟ್‌ನಲ್ಲಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಗೂಗಲ್ ಸ್ಲೈಡ್ಸ್ ಆದರೆ ಕಂಟ್ರೋಲ್, ಆಲ್ಟ್, ವೈ ಒಟ್ಟಿಗೆ ಒತ್ತಿ. ‘ಇದು ಒಂದು ಚಿತ್ರ’ ಅಂತ ಶುರು ಮಾಡಬೇಡಿ, ಚಿತ್ರ ಅಂತ ಸ್ಕ್ರೀನ್ ರೀಡರೇ ಹೇಳಿಬಿಡುತ್ತದೆ. ಈ ಚಿತ್ರ ಇಲ್ಲಿ ಯಾಕಿದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಅದಕ್ಕೆ ಬರುವ ಉತ್ತರವೇ ಆಲ್ಟ್ ಟೆಕ್ಸ್ಟ್. ಬಾಳೆ ಎಲೆ ಊಟದ ಫೋಟೋ ಬಡಿಸುವ ಪದ್ಧತಿ ಹೇಳಲಿಕ್ಕೆ ಇದ್ದರೆ, ಎಲೆಯ ಯಾವ ಕಡೆ ಉಪ್ಪು, ಉಪ್ಪಿನಕಾಯಿ, ಎಲ್ಲಿ ಪಲ್ಯ, ಎಲ್ಲಿ ಅನ್ನ ಅಂತ ಬರೆಯಬೇಕು. ಅದೇ ಫೋಟೋ ಮಧ್ಯಾಹ್ನದ ಗಿರಾಕಿಗಳ ಬಗ್ಗೆ ಹೇಳಲಿಕ್ಕೆ ಇದ್ದರೆ ಪಲ್ಯದ ಸುದ್ದಿ ಬೇಡ, ಯಾರು ಕೂತಿದ್ದಾರೆ, ಎಷ್ಟು ಒತ್ತಾಗಿ ಕೂತಿದ್ದಾರೆ ಅಂತ ಬೇಕು. ಒಂದೆರಡು ವಾಕ್ಯ ಸಾಕು. ಮಾಟುಂಗಾ, ಕಿಂಗ್ಸ್ ಸರ್ಕಲ್ ನಕ್ಷೆ ಇದ್ದರೆ ಬೀದಿ ಬೀದಿ ವಿವರಿಸಬೇಡಿ. ಯಾವ ಹೋಟೆಲು ಯಾವ ಸ್ಟೇಷನ್ನಿಗೆ ಹತ್ತಿರ ಅನ್ನುವುದನ್ನು ಹೇಳಿ. ಅಂಚಿನ ಹೂಬಳ್ಳಿ, ಗೆರೆ ಇಂಥವನ್ನು ‘ಡೆಕೊರೇಟಿವ್’ ಅಂತ ಗುರುತು ಮಾಡಿದರೆ ಆಯಿತು. ಪವರ್‌ಪಾಯಿಂಟ್ ತಾನೇ ಒಮ್ಮೊಮ್ಮೆ ಇಂಗ್ಲಿಷಿನಲ್ಲಿ ವಿವರ ತುಂಬಿಸಿಡುತ್ತದೆ. ಮೇಜಿನ ಸುತ್ತ ಜನ ಕೂತಿದ್ದಾರೆ ಅನ್ನುವಂಥ ಮಾತು. ಅದನ್ನು ಅಳಿಸಿ ನಿಮ್ಮದು ಬರೆಯಿರಿ.

ಚಿತ್ರಕ್ಕಿಂತ ದೊಡ್ಡ ಸಮಸ್ಯೆ ನಮ್ಮ ಸಂಘಗಳ ಸ್ಲೈಡಿನಲ್ಲಿ ಅಕ್ಷರದ್ದೇ. ‘ನುಡಿ’, ‘ಬರಹ’ ಅನ್ನುವ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಸ್ಕ್ರೀನ್ ರೀಡರ್ ಆ ಚಿಹ್ನೆಗಳನ್ನೇ ಓದುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯದನ್ನು ಬದಲಿಸುವ ಕನ್ವರ್ಟರ್‌ಗಳು ಸಿಗುತ್ತವೆ. ಆಹ್ವಾನಪತ್ರಿಕೆಯ ಫೋಟೋ ತೆಗೆದು ಸ್ಲೈಡಿಗೆ ಅಂಟಿಸಿದ್ದರೆ ಅದರ ಮಾತನ್ನೂ ಟೈಪ್ ಮಾಡಿ ಕೊಡಬೇಕು. ಪ್ರತಿ ಸ್ಲೈಡಿಗೂ ಬೇರೆ ಬೇರೆ ಶೀರ್ಷಿಕೆ ಇರಲಿ, ಸ್ಲೈಡುಗಳ ನಡುವೆ ಹುಡುಕುವವರಿಗೆ ಅದೇ ದಾರಿ. ರಿವ್ಯೂನಲ್ಲಿ ‘ಚೆಕ್ ಆಕ್ಸೆಸಿಬಿಲಿಟಿ’ ಒತ್ತಿದರೆ ಬಿಟ್ಟುಹೋದದ್ದು ತೋರಿಸುತ್ತದೆ. ಆದರೆ ಆಲ್ಟ್ ಟೆಕ್ಸ್ಟ್ ಇದೆಯಾ ಅಂತ ನೋಡುತ್ತದೆ, ಅದು ಚೆನ್ನಾಗಿದೆಯಾ ಅಂತ ನೋಡುವವರು ನೀವೇ.

ನಿಮ್ಮ ಹಿರಿಯರಿಗೆ ದನಿ ತಾನಾಗಿ ಶುರುವಾಗುವ ಪವರ್‌ಪಾಯಿಂಟ್ ಫೈಲ್ ಕಳಿಸಬೇಡಿ. ಸ್ಲೈಡ್ ತೆರೆದ ಕೂಡಲೇ ನಿಮ್ಮ ದನಿ, ಅದರ ಮೇಲೆ ಸ್ಕ್ರೀನ್ ರೀಡರ್ ದನಿ, ಎರಡೂ ಒಟ್ಟಿಗೆ ಮಾತಾಡುತ್ತವೆ. ಒಂದೂ ಅರ್ಥವಾಗುವುದಿಲ್ಲ. ದನಿಯನ್ನು ಕ್ಲಿಕ್ ಮಾಡಿದಾಗ ಮಾತ್ರ ಬರುವ ಹಾಗೆ ಇಡಿ. ಇಲ್ಲವೇ ವಿಡಿಯೋ ಮತ್ತು ನೋಟ್ಸಿನ ಬರಹವನ್ನು ವರ್ಡ್ ಫೈಲಾಗಿ ಕೊಡಿ. ನನ್ನ ಕೇಳಿದರೆ ಎರಡನೆಯದೇ ವಾಸಿ. ಅವರು ತಮ್ಮ ವೇಗದಲ್ಲಿ ಕೇಳಬಹುದು, ಬೇಕಾದ ಕಡೆಗೆ ಮತ್ತೆ ಹೋಗಬಹುದು. ನಿಮಗೆ ಪರೀಕ್ಷೆ ಮಾಡಬೇಕಿದ್ದರೆ ವಿಂಡೋಸ್‌ಗೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಅದು ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್ ಸಿಗುತ್ತದೆ. ಮಾನಿಟರ್ ಆಫ್ ಮಾಡಿ ನಿಮ್ಮ ಪಾಠವನ್ನು ಒಮ್ಮೆ ಕೇಳಿ.

ಕಮಿಟಿಯವರಿಗೆ ಇಷ್ಟು ಹೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಕ್ಯಾಪ್ಷನ್, ಆಡಿಯೋ ವಿವರಣೆ, ಸಂಜ್ಞೆಭಾಷೆಯ ಹೆಸರು ಹಿಡಿದೇ ಮಾತಾಡುತ್ತದೆ. ಅದರ ಹೊಣೆ ಸರ್ಕಾರದ್ದು, ನಿಜ. ಆದರೆ ದೇಶ ಯಾವುದನ್ನು ಹಕ್ಕು ಅಂತ ಒಪ್ಪಿದೆಯೋ ಅದನ್ನು ನಮ್ಮ ಸಂಘ ಉಪಕಾರ ಅಂತ ಕರೆಯುವುದು ಸರಿಯಲ್ಲ. ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ರೆಕಾರ್ಡ್ ಮಾಡಿದ ವಿಡಿಯೋಗೆ ಕ್ಯಾಪ್ಷನ್, ಚಿತ್ರಕ್ಕೆ ಬದಲಿ ಪಠ್ಯ ಎರಡೂ ‘ಎ’ ಮಟ್ಟದಲ್ಲಿವೆ, ಅಂದರೆ ತೀರಾ ಕನಿಷ್ಠ. ಇಬ್ಬರೇ ಅನ್ನುವ ಲೆಕ್ಕವೂ ತಪ್ಪು. ಸಂಘದ ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂತು ‘ಸ್ವಲ್ಪ ಜೋರಾಗಿ ಹೇಳಿ’ ಅನ್ನುವ ಹಿರಿಯರು ಎಷ್ಟು ಜನ ಇದ್ದಾರೆ ಅಂತ ಅವರೇ ಸುತ್ತ ನೋಡಲಿ. ಪಾಠಕ್ಕೆ ಬರುವುದನ್ನೇ ನಿಲ್ಲಿಸಿದವರನ್ನು ಯಾರೂ ಎಣಿಸಿರುವುದಿಲ್ಲ.

ಹಳೆಯ ಪಾಠಗಳನ್ನೆಲ್ಲ ಈಗಲೇ ಸರಿಮಾಡಲು ಹೋಗಬೇಡಿ, ಸುಸ್ತಾಗಿ ಬಿಟ್ಟುಬಿಡುತ್ತೀರಿ. ಈ ಹೋಟೆಲಿನ ಪಾಠವನ್ನು ಪೂರ್ತಿ ಮಾಡಿ, ಆ ಇಬ್ಬರಿಗೂ ಮೊದಲೇ ಕಳಿಸಿ, ಅವರು ಹೇಳಿದ್ದನ್ನು ತಿದ್ದಿ. ಆಮೇಲೆ ಹಳೆಯದರಲ್ಲಿ ಅವರಿಗೆ ಯಾವುದು ಮೊದಲು ಬೇಕು ಅಂತ ಅವರೇ ಆರಿಸಲಿ.