ಉಪ್ಪಿನ ಋಣದಲ್ಲಿ ಬೆಳೆದ ರೈಲು ಕಂಪನಿ

ದೊಡ್ಡ ರೈಲು ಕಂಪನಿಗಳಿಗೇ ಗಿಟ್ಟದ ಇಪ್ಪತ್ತು ಮೂವತ್ತು ಕಿಲೋಮೀಟರ್ ಮಾರ್ಗಗಳನ್ನು ಅಮೆರಿಕದಲ್ಲಿ ಸಣ್ಣ ಕಂಪನಿಗಳು ಹೇಗೆ ನಡೆಸುತ್ತವೆ ಎಂದು ಕೇಳಿದ್ದೀರಿ. ನಾನಿರುವುದು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ರಾಚೆಸ್ಟರ್ ನಗರದ ಬಳಿ. ಇಲ್ಲಿಯದೇ ಒಂದು ಕಂಪನಿಯ ಕತೆ ಹೇಳುತ್ತೇನೆ.

ರೆಟ್ಸಾಫ್ ಎಂಬ ಊರಿನ ಉಪ್ಪಿನ ಗಣಿಗೆ ಒಂದು ರೈಲುಮಾರ್ಗವಿತ್ತು. ದಿವಾಳಿಯಾಗಿದ್ದ ಅದನ್ನು 1899ರಲ್ಲಿ ಎಡ್ವರ್ಡ್ ಫುಲ್ಲರ್ ಎಂಬ ಉದ್ಯಮಿ ಕೊಂಡು ಜೆನೆಸೀ ಆ್ಯಂಡ್ ವಯೋಮಿಂಗ್ ಎಂಬ ಹೆಸರಿನಲ್ಲಿ ನಡೆಸತೊಡಗಿದರು. ಉದ್ದ ಬರೀ 23 ಕಿ.ಮೀ. ಗಣಿಯಿಂದ ಬಂದ ಉಪ್ಪನ್ನು ದೊಡ್ಡ ಕಂಪನಿಗಳ ಹಳಿ ಸೇರುವ ಜಾಗದವರೆಗೆ ಒಯ್ದು ಒಪ್ಪಿಸುವುದೇ ಮುಖ್ಯ ಕೆಲಸ. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗಳ ಮೇಲಿನ ಹಿಮ ಕರಗಿಸಲು ಕಲ್ಲುಪ್ಪು ರಾಶಿಗಟ್ಟಲೆ ಬೇಕು. ಆ ಉಪ್ಪೇ ಕಂಪನಿಯ ಅನ್ನವಾಗಿತ್ತು.

ಇಂಥ ಕಂಪನಿಗಳನ್ನು ಶಾರ್ಟ್‌ಲೈನ್ ಎನ್ನುತ್ತಾರೆ. ದೇಶದಲ್ಲಿ ಸುಮಾರು 600 ಇವೆ. ಅನೇಕ ಕಡೆ ಇವಕ್ಕೆ ದೊಡ್ಡ ಕಂಪನಿಯಿಂದ ವ್ಯಾಗನ್ ಒಂದಕ್ಕೆ ಇಷ್ಟು ಎಂದು ಹಣ ಬರುತ್ತದೆ. ನೂರು ವ್ಯಾಗನ್ನಿನ ಗೂಡ್ಸ್ ಓಡಿಸುವವರಿಗೆ ಒಂದು ಕಾರ್ಖಾನೆಯ ಮೂರು ವ್ಯಾಗನ್‌ಗಾಗಿ ನಿಲ್ಲುವುದು ತಲೆನೋವು. ಸಣ್ಣ ಕಂಪನಿ ಆ ಮೂರಕ್ಕಾಗಿಯೇ ಎಂಜಿನ್ ಕಳಿಸುತ್ತದೆ. ಸಾಮಾನ್ಯವಾಗಿ ಇಬ್ಬರೇ ಸಿಬ್ಬಂದಿ. ಒಬ್ಬರು ಎಂಜಿನ್ ನಡೆಸುತ್ತಾರೆ; ಇನ್ನೊಬ್ಬರು ಕೆಳಗಿಳಿದು ಹಳಿ ಬದಲಿಸುವ ಪಾಯಿಂಟ್‌ನ ಸನ್ನೆಕೋಲು ತಿರುಗಿಸಿ, ರೇಡಿಯೋದಲ್ಲಿ ಇನ್ನೆಷ್ಟು ದೂರ ಎಂದು ಹೇಳುತ್ತಾ ಎಂಜಿನ್ನನ್ನು ಹಿಂದಕ್ಕೆ ಕರೆಯುತ್ತಾರೆ. ಕೊಂಡಿಗಳು ಧಡಕ್ಕನೆ ಕೂಡಿಕೊಂಡ ಮೇಲೆ ಬ್ರೇಕಿನ ಗಾಳಿ ಕೊಳವೆಗಳನ್ನು ಕೈಯಿಂದಲೇ ಜೋಡಿಸುತ್ತಾರೆ. ಎಷ್ಟೋ ಮಾರ್ಗಗಳಲ್ಲಿ ವೇಗದ ಮಿತಿ ಗಂಟೆಗೆ 16 ಅಥವಾ 40 ಕಿ.ಮೀ. ಮಾತ್ರ. ನಿಧಾನವಾಗಿ ಓಡಿಸಿದರೆ ಹಳಿಯ ನಿರ್ವಹಣೆಯ ಖರ್ಚೂ ಇಳಿಯುತ್ತದೆ.

1980ರ ಸ್ಟ್ಯಾಗರ್ಸ್ ಕಾಯ್ದೆ ದರ ನಿಗದಿಯ ಸರ್ಕಾರಿ ಬಿಗಿಯನ್ನು ಸಡಿಲಿಸಿತು. ದೊಡ್ಡ ಕಂಪನಿಗಳು ಬೇಡದ ಮಾರ್ಗಗಳನ್ನು ಮಾರತೊಡಗಿದವು. ಜೆನೆಸೀ ಕಂಪನಿ 1986ರಲ್ಲಿ ರಾಚೆಸ್ಟರ್‌ನ ದಕ್ಷಿಣದ ಮಾರ್ಗವನ್ನು, 1988ರಲ್ಲಿ ಬಫಲೋ ಕಡೆಯ ಮಾರ್ಗಗಳನ್ನು ವಹಿಸಿಕೊಂಡಿತು. ಅದು ಎಷ್ಟು ಜಾಣತನದ ಹೆಜ್ಜೆ ಎಂಬುದು 1994ರ ಮಾರ್ಚ್ 12ರಂದು ಎಲ್ಲರಿಗೂ ಗೊತ್ತಾಯಿತು. ಅಂದು ರೆಟ್ಸಾಫ್ ಗಣಿಯ ಚಾವಣಿಯ ಒಂದು ಭಾಗ ಕುಸಿದು ಅಂತರ್ಜಲ ಒಳಗೆ ನುಗ್ಗಿತು. ನೀರು ತಡೆಯಲು ಮಾಡಿದ ಪ್ರಯತ್ನಗಳು ಫಲಿಸದೆ ಮರುವರ್ಷ ಗಣಿ ಮುಚ್ಚಿತು. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡಿದ್ದರೆ ಕಂಪನಿಯೂ ಅದರೊಂದಿಗೇ ಮುಳುಗುತ್ತಿತ್ತು. ಮುಂದೆ ಅದೇ ಪ್ರದೇಶದಲ್ಲಿ ಹೊಸ ಗಣಿ ತೆರೆದು ಉಪ್ಪಿನ ಸಾಗಣೆ ಮತ್ತೆ ಶುರುವಾಯಿತು. ಹೀಗೆ ಮಾರ್ಗಗಳನ್ನು ವಹಿಸಿಕೊಳ್ಳುತ್ತಾ ಬೆಳೆದ ಈ ಕಂಪನಿಯನ್ನು 2019ರಲ್ಲಿ ಬ್ರೂಕ್‌ಫೀಲ್ಡ್ ಮತ್ತು ಸಿಂಗಪುರದ ಜಿಐಸಿ ಎಂಬ ಹೂಡಿಕೆ ಸಂಸ್ಥೆಗಳು ಸಾಲವೂ ಸೇರಿ ಸುಮಾರು 840 ಕೋಟಿ ಡಾಲರಿಗೆ ಕೊಂಡವು.

ಈ ಬೆಳವಣಿಗೆಯನ್ನು ನೋಡಿ ಶಾರ್ಟ್‌ಲೈನ್ ಎಂದರೆ ಸುಲಭದ ದುಡ್ಡು ಎಂದುಕೊಳ್ಳಬೇಡಿ. ತುಂಬಿದ ವ್ಯಾಗನ್ನಿನ ಸಾಮಾನ್ಯ ಮಿತಿ ಹಿಂದೆ ಸುಮಾರು 119 ಟನ್ ಇದ್ದದ್ದು ಈಗ 130 ಟನ್. ಹಳೆಯ ತೆಳು ಹಳಿಗಳು, ಮರದ ಸೇತುವೆಗಳು ಅಷ್ಟು ಭಾರ ತಾಳುವುದಿಲ್ಲ. ಅದಕ್ಕಾಗಿಯೇ 2005ರಿಂದ ಹಳಿ ನಿರ್ವಹಣೆಗೆ ತೆರಿಗೆ ರಿಯಾಯಿತಿ ಕೊಡಲಾಗುತ್ತಿದೆ. 2020ರಲ್ಲಿ ಅದನ್ನು ಕಾಯಂ ಮಾಡಿದರು. ನನ್ನ ಮಟ್ಟಿಗೆ ಇದು ಸಾರ್ವಜನಿಕ ಹಣದ ಸದ್ಬಳಕೆ. ಒಂದು ಸೇತುವೆ ಮುಚ್ಚಿದರೆ ಅದರಾಚೆಯ ಹಿಟ್ಟಿನ ಗಿರಣಿ, ಗೊಬ್ಬರದ ಗೋದಾಮುಗಳ ಸರಕೆಲ್ಲ ಲಾರಿಗೆ ಹೋಗುತ್ತದೆ, ಹಾಗೆ ಹೋದದ್ದು ಹಳಿಗೆ ಮರಳುವುದು ಬಹಳ ಅಪರೂಪ.